ರಾಯಚೂರಿನಿಂದ ಮಕ್ಕಳು, ಅತ್ತೆ ಜೊತೆ ಹೊರಟಿದ್ದೇವೆ: ಆಟವೂ ನೆರಳೂ ಇರುವ ದೊಡ್ಡ ಪಾರ್ಕ್ ಯಾವುದು?

ರಾಯಚೂರು ಸೊಸೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಮಕ್ಕಳನ್ನು ಎಲ್ಲಾದರೂ ಕರೆದುಕೊಂಡು ಹೋಗಲೇಬೇಕು, ಇಲ್ಲಾಂದ್ರೆ ಮನೆಯಲ್ಲಿ ನಮಗೆ ಉಳಿಗಾಲ ಇಲ್ಲ. ದೊಡ್ಡವನಿಗೆ 11 ವರ್ಷ. ಅವನಿಗೆ ಗಿರಗಿರ ತಿರುಗೋದು, ಮೇಲಿಂದ ದಬ್ಬಂತ ಬೀಳೋದು, ನೀರಲ್ಲಿ ಜಾರೋದು ಎಲ್ಲಾ ಬೇಕು. ಸಣ್ಣವಳಿಗೆ 4, ಅವಳಿಗೆ ಪುಟಾಣಿ ರೈಲು ಕಂಡರೆ ಸಾಕು. ಜೊತೆಗೆ ಅತ್ತೆ ಬರುತ್ತಾರೆ, ಮೊಣಕಾಲು ನೋವು, ಜಾಸ್ತಿ ನಡೆಯೋಕೆ ಆಗಲ್ಲ, ಆದರೆ ಗಿಡ ಮರ ಅಂದ್ರೆ ಪ್ರಾಣ. ನಮ್ಮ ಯಜಮಾನರು ಮಾತ್ರ ಒಂದೇ ಜಾಗದಲ್ಲಿ ಎಲ್ಲಾ ಮುಗಿಯಬೇಕು ಅಂತ ಪಟ್ಟು ಹಿಡಿದು ಕೂತಿದ್ದಾರೆ.

ಹೈದರಾಬಾದ್ ಹತ್ತಿರ, ಬೆಂಗಳೂರಿಗೆ ರಾತ್ರಿ ರೈಲು ಇದೆ. ಯಾವುದಕ್ಕೆ ಹೋಗಲಿ? ವಂಡರ್‌ಲಾ ಅನ್ನೋ ದೊಡ್ಡ ಆಟದ ಪಾರ್ಕು ಎರಡೂ ಕಡೆ ಇದೆಯಂತೆ, ಅಲ್ಲಿಗೇ ಹೋದರೆ ಹೇಗೆ? ಹೋಗಿ ಬಂದವರು ಸ್ವಲ್ಪ ಹೇಳಿ.

ಬಿಸಿಲೂರ ಹುಡುಗ

ಅಕ್ಕಾ, ಕಣ್ಣು ಮುಚ್ಚಿ ವಂಡರ್‌ಲಾಗೆ ಹೋಗಿ. ಹೈದರಾಬಾದಿನದು ಊರ ಹೊರಗೆ ರಾವಿರ್ಯಾಲದಲ್ಲಿದೆ, 2016ರಲ್ಲಿ ಶುರುವಾಗಿದ್ದು. ರಾಯಚೂರಿನಿಂದ ನಾಲ್ಕೈದು ತಾಸಿನ ದಾರಿ, ಔಟರ್ ರಿಂಗ್ ರೋಡ್ ಹಿಡಿದರೆ ಊರ ಟ್ರಾಫಿಕ್ಕಿಗೆ ಸಿಗೋದೂ ಇಲ್ಲ. ಬೆಂಗಳೂರಿನದು ಬಿಡದಿ ಹತ್ತಿರ, 2005ರದು. ನಿಮ್ಮ ಮಗ ಒಂದು ಸಲ ಒಳಗೆ ಹೋದರೆ ಸಂಜೆವರೆಗೂ ಕೈಗೆ ಸಿಗಲ್ಲ. ನೀರಿನ ಆಟಕ್ಕೆ ನೈಲಾನ್ ಬಟ್ಟೆ ಬೇಕು, ಕಾಟನ್ ಹಾಕಿಕೊಂಡು ಇಳಿಯೋಕೆ ಬಿಡಲ್ಲ, ಮನೆಯಿಂದಲೇ ಒಯ್ಯಿರಿ.

ಗಾಂಧಿಗಂಜ್ ಪುಟ್ಟಿ

ಮೇಲಿನ ತಮ್ಮ ಅತ್ತೆಯವರನ್ನು ಮರೆತೇಬಿಟ್ಟ ನೋಡಿ 😀

ಅಕ್ಕಾ, ಇಂಥ ಪಾರ್ಕಿಗೆ ಮೂರು ತಲೆಮಾರು ಒಟ್ಟಿಗೆ ಹೋದರೆ ಏನಾಗುತ್ತೆ ಗೊತ್ತಾ? ಹಿರಿಯರು ಒಂದು ಬೆಂಚಿನ ಮೇಲೆ ಚಪ್ಪಲಿ, ಬ್ಯಾಗು, ಒದ್ದೆ ಬಟ್ಟೆ ಕಾಯುತ್ತಾ ಕೂರುತ್ತಾರೆ. ಅವರಿಗೂ ಟಿಕೆಟ್ ಕೊಟ್ಟಿರುತ್ತೀರಿ. ಸಣ್ಣವಳಿಗೂ ಅಷ್ಟೇ, ದೊಡ್ಡ ಆಟಗಳಿಗೆ ವಯಸ್ಸು ಕೇಳಲ್ಲ, ಎತ್ತರ ಅಳೆಯುತ್ತಾರೆ. ಆಟದ ಬಾಗಿಲಲ್ಲಿ ಗೆರೆ ಎಳೆದ ಒಂದು ಕಂಬ ಇರುತ್ತೆ. ನಮ್ಮ ಅಕ್ಕನ ಮಗ ಆ ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿ ಹಿಡಿದು, ಹಿಮ್ಮಡಿ ಎತ್ತಿ ನಿಂತ. ಅಲ್ಲಿದ್ದವರು ನಗುತ್ತಾ ಅವನ ಭುಜ ಒತ್ತಿ ಪಾದ ನೆಲಕ್ಕೆ ತಾಗಿಸಿದರು, ಗುಂಗುರು ಕೂದಲನ್ನೂ ಅಂಗೈಯಿಂದ ಅದುಮಿ ನೋಡಿದರು. ಎರಡು ಬೆರಳು ಕಡಿಮೆ ಬಂತು. ಆ ಮುಖ ನೋಡೋಕೆ ಆಗಲಿಲ್ಲ. ನಿಮ್ಮ ದೊಡ್ಡವನದೂ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಂಡು ಹೋಗಿ, ಜೋರು ಆಟಗಳಿಗೆ ಸಾಮಾನ್ಯವಾಗಿ 140 ಸೆಂಟಿಮೀಟರ್ ಕೇಳುತ್ತಾರೆ.

ಹೈದರಾಬಾದೇ ಆಗಬೇಕು ಅಂದ್ರೆ ನಾನು ನೆಹರೂ ಝೂ ಪಾರ್ಕ್ ಅನ್ನುತ್ತೇನೆ. 1963ರಿಂದ ಇದೆ, ಒಳ್ಳೆ ನೆರಳು, ಪುಟಾಣಿ ರೈಲು ಇದೆ, ಸಿಂಹದ ಸಫಾರಿ ಇದೆ, ಅತ್ತೆಯವರಿಗೆ ಬ್ಯಾಟರಿ ಗಾಡಿ ಸಿಗುತ್ತೆ. ಸೋಮವಾರ ಮಾತ್ರ ಹೋಗಬೇಡಿ, ರಜೆ. ಸಂಜೆ ಹುಸೇನ್ ಸಾಗರದ ದಂಡೆಗೆ ಬಂದು ಲುಂಬಿನಿ ಪಾರ್ಕಿನಿಂದ ಬುದ್ಧನ ಹತ್ತಿರ ದೋಣಿ. ಆ ಬುದ್ಧ ಒಂದೇ ಕಲ್ಲಿನದು. 1990ರಲ್ಲಿ ಸಾಗಿಸುವಾಗ ಕೆರೆಯಲ್ಲಿ ಮುಳುಗಿ, ಆಮೇಲೆ ಎತ್ತಿ 1992ರಲ್ಲಿ ನಿಲ್ಲಿಸಿದ್ದು. ಈ ಕಥೆ ಹೇಳಿದರೆ ದೊಡ್ಡವನೂ ಬಾಯಿ ಬಿಟ್ಟು ಕೇಳುತ್ತಾನೆ.

ಕೌಲ್ ಬಜಾರ್ ಮಾಮ

ಬಳ್ಳಾರಿಯಿಂದ ಬರೆಯುತ್ತಿದ್ದೇನೆ ತಾಯಿ. ನನ್ನ ಓಟು ಬೆಂಗಳೂರಿನ ಕಬ್ಬನ್ ಪಾರ್ಕಿಗೆ. ನಮ್ಮಂಥ ಬಿಸಿಲ ಸೀಮೆಯವರಿಗೆ ಅಲ್ಲಿನ ಮರಗಳೇ ದೊಡ್ಡ ಆಟ. 1870ರಲ್ಲಿ ಮಾಡಿದ್ದು, ಈಗ ಸುಮಾರು 300 ಎಕರೆ. ಮಳೆಮರದ ಕೆಳಗೆ ಮಧ್ಯಾಹ್ನ 12ಕ್ಕೆ ಕೂತರೂ ತಲೆ ಮೇಲೆ ಟವಲ್ ಬೇಡ. ಬಿದಿರಿನ ಮೆಳೆಗಳಂತೂ ನೋಡಬೇಕು.

ಅದರೊಳಗೇ ಬಾಲಭವನ ಇದೆ. ಪುಟಾಣಿ ರೈಲು, ದೋಣಿ, ಸಣ್ಣ ಮಕ್ಕಳ ಆಟ ಎಲ್ಲಾ ಅಲ್ಲೇ. ಆ ರೈಲಿನ ಸೀಟು ಎಷ್ಟು ಸಣ್ಣದು ಅಂದ್ರೆ, ನನ್ನಂಥವನು ಕೂತರೆ ಮೊಣಕಾಲು ಎದೆಗೆ ಬರುತ್ತೆ. ಅತ್ತೆಯವರನ್ನು ಒತ್ತಾಯ ಮಾಡಿ ಹತ್ತಿಸಬೇಡಿ, ಹೊರಗೆ ಬೆಂಚಿನ ಮೇಲೆ ಕೂತು ಮೊಮ್ಮಗಳಿಗೆ ಕೈ ಬೀಸಲಿ.

ದೊಡ್ಡವನ ವಿಷಯಕ್ಕೆ ಬಂದರೆ, ಅಲ್ಲಿ ಮೇಲಿಂದ ಬೀಳೋ ಆಟ ಇಲ್ಲ, ಸುಳ್ಳು ಹೇಳಲ್ಲ. ಆದರೆ ಪಕ್ಕದಲ್ಲೇ ಕಸ್ತೂರ್ಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ರೈಟ್ ಸಹೋದರರ ವಿಮಾನದ ಮಾದರಿ, ಗುಂಡಿ ಒತ್ತಿದರೆ ಓಡುವ ಯಂತ್ರಗಳು. 11 ವರ್ಷದ ಹುಡುಗನನ್ನು ಅಲ್ಲಿಂದ ಹೊರಗೆ ಎಳೆದು ತರಬೇಕಾಗುತ್ತೆ. ಭಾನುವಾರ ಪಾರ್ಕಿನೊಳಗೆ ಗಾಡಿ ಬಿಡಲ್ಲ. ಮಕ್ಕಳು ರಸ್ತೆ ತುಂಬಾ ಓಡಬಹುದು, ಒಳ್ಳೆಯದೇ, ಆದರೆ ಅತ್ತೆಯವರಿಗೆ ಆಟೋ ಒಳಗೆ ಬರಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಗಿಣಿಗೇರಾ ಗಿರಿ

ಅಷ್ಟು ದೂರ ಯಾಕ್ರೀ ಅಕ್ಕಾರೆ? ಕೊಪ್ಪಳದ ಕಡೆ ಬನ್ನಿ. ಮುನಿರಾಬಾದಿನಲ್ಲಿ ಪಂಪಾವನ ಅನ್ನೋ ತೋಟ ಇದೆ, ಆಚೆ ದಡಕ್ಕೆ ಟಿಬಿ (ತುಂಗಭದ್ರಾ) ಡ್ಯಾಂ ತೋಟ, ಸಂಜೆ ಕಾರಂಜಿ. ಡ್ಯಾಮಿಗೆ 33 ಗೇಟು, 2024ರ ಆಗಸ್ಟಿನಲ್ಲಿ 19ನೇದು ಕೊಚ್ಚಿಕೊಂಡು ಹೋಗಿ ದೇಶಕ್ಕೆಲ್ಲಾ ಸುದ್ದಿಯಾಗಿದ್ದು ಇದೇ. ಮಳೆ ಚೆನ್ನಾಗಿ ಆಗಿದ್ದರೆ ದಸರಾ ಹೊತ್ತಿಗೆ ನೀರು ಸಮುದ್ರ ಕಂಡಂಗೆ ಕಾಣುತ್ತೆ. ಹಂಪಿ ಹತ್ತಿರದ ಕಮಲಾಪುರದ ಝೂನಲ್ಲಿ ಹುಲಿ, ಸಿಂಹದ ಸಫಾರಿ ಇದೆ. ಬೆಳಗ್ಗೆ ಅದು, ಸಂಜೆ ಡ್ಯಾಮು. ಖರ್ಚೂ ಕಡಿಮೆ.

ತಿರುಗೋ ಆಟ ಬೇಕು ಅಂದ್ರೆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬನ್ನಿ. ದೊಡ್ಡ ತೊಟ್ಟಿಲು, ಬ್ರೇಕ್ ಡ್ಯಾನ್ಸು, ದೋಣಿ ಉಯ್ಯಾಲೆ ಎಲ್ಲಾ ಇರುತ್ತೆ, ದಾಸೋಹದಲ್ಲಿ ರೊಟ್ಟಿ ಊಟವೂ ಆಗುತ್ತೆ. ಹಸಿರು ಕೇಳಬೇಡಿ, ಅಲ್ಲಿ ಇರೋದು ಧೂಳು ಮತ್ತು ಜನ.

ರಾಯಚೂರು ಸೊಸೆ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ಜನ ಬರೆಯುತ್ತೀರಿ ಅಂದ್ಕೊಂಡಿರಲಿಲ್ಲ. ಯಜಮಾನರಿಗೂ ಓದಿಸಿದೆ. ಚಪ್ಪಲಿ ಕಾಯೋ ಮಾತು ಅತ್ತೆ ಕಿವಿಗೂ ಬಿದ್ದು, "ನಾನು ಮರ ಇರೋ ಕಡೆನೇ ಬರೋದು" ಅಂತ ತೀರ್ಪು ಕೊಟ್ಟುಬಿಟ್ಟರು. ಈಗ ಹೀಗೆ ಅಂದುಕೊಂಡಿದ್ದೇವೆ: ಬೆಂಗಳೂರು, ಎರಡು ದಿನ. ಒಂದು ದಿನ ಅಪ್ಪ ಮಗ ಇಬ್ಬರೇ ಬಿಡದಿಗೆ. ಅವತ್ತು ನಾವು ಮೂವರು ಹೆಂಗಸರು ಲಾಲ್‌ಬಾಗ್. ಇನ್ನೊಂದು ದಿನ ಎಲ್ಲರೂ ಕಬ್ಬನ್ ಪಾರ್ಕು. ಲಾಲ್‌ಬಾಗ್ ಅತ್ತೆಗೆ ಆಗುತ್ತಾ? ಮತ್ತೆ ರೈಲು ಇಳಿದ ದಿನ ಲಗೇಜ್ ಎಲ್ಲಿಡೋದು?

ಗಾಂಧಿಗಂಜ್ ಪುಟ್ಟಿ

ಹಾಗೆ ಬೇರೆ ಬೇರೆ ಹೋಗೋದೇ ಸರಿ. ಒಂದೇ ಜಾಗದಲ್ಲಿ ಎಲ್ಲಾ ಮುಗಿಸಬೇಕು ಅನ್ನೋ ಹಟಕ್ಕೆ ಬಿದ್ದರೆ ಯಾರಿಗೂ ಸಮಾಧಾನ ಆಗಲ್ಲ. ಲಾಲ್‌ಬಾಗ್‌ನಲ್ಲಿ ಆಟ ಗೀಟ ಏನೂ ಇಲ್ಲ, ಆದರೆ ಗಿಡ ಪ್ರೀತಿಸೋರಿಗೆ ಅದೇ ಕಾಶಿ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು, 240 ಎಕರೆ. ಅಲ್ಲೂ ಬ್ಯಾಟರಿ ಗಾಡಿ ಇದೆ, ಗಾಜಿನ ಮನೆ ಕಡೆ ಎಲ್ಲಾ ಸುತ್ತಿಸಿಕೊಂಡು ಬರುತ್ತೆ. ಬಂಡೆ ಮೇಲಿನ ಕೆಂಪೇಗೌಡರ ಗೋಪುರಕ್ಕೆ ಮಾತ್ರ ಅತ್ತೆಯವರನ್ನು ಹತ್ತಿಸಬೇಡಿ, ಕೆಳಗಿಂದಲೇ ತೋರಿಸಿ. ಆ ಬಂಡೆಗೆ 300 ಕೋಟಿ ವರ್ಷ ವಯಸ್ಸಂತೆ ಅಂತ ಹೇಳಿ, ತಮ್ಮ ಮೊಣಕಾಲಿನ ವಯಸ್ಸು ಮರೆತುಬಿಡುತ್ತಾರೆ 😀

ಕೌಲ್ ಬಜಾರ್ ಮಾಮ

ಲಗೇಜಿಗೆ ಬೆಂಗಳೂರು ಸ್ಟೇಷನ್ನಿನಲ್ಲೇ ಕ್ಲೋಕ್ ರೂಮ್ ಇದೆ. ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಬೇಕು, ಹಗ್ಗ ಕಟ್ಟಿದ ಚೀಲ ತೆಗೆದುಕೊಳ್ಳಲ್ಲ. ಹಾಗಾಗಿ ರೊಟ್ಟಿ, ಶೇಂಗಾ ಹಿಂಡಿ ಇರೋ ಚೀಲ ಕೈಯಲ್ಲೇ ಇಟ್ಟುಕೊಳ್ಳಿ. ಆದರೆ ಪಾರ್ಕಿನ ಹುಲ್ಲಿನ ಮೇಲೆ ಊಟ ಬಿಚ್ಚಬೇಡಿ, ತಿಂಡಿ ಮುಗಿಸಿಯೇ ಒಳಗೆ ಹೋಗಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಬಣ್ಣದ ಮೆಟ್ರೋ ಹತ್ತಿ, ವೈಟ್‌ಫೀಲ್ಡ್ ಕಡೆ ಹೋಗೋದು. ಮೂರನೇ ಸ್ಟೇಷನ್ನೇ ಕಬ್ಬನ್ ಪಾರ್ಕ್. ಮೇಲೆ ಬರೋಕೆ ಲಿಫ್ಟ್ ಇದೆ, ಎಸ್ಕಲೇಟರ್ ಹತ್ತಿರ ಅತ್ತೆಯವರನ್ನು ನಿಲ್ಲಿಸಿ ಗಾಬರಿ ಮಾಡಬೇಡಿ.