ಮೊಬೈಲ್ ವರ್ಕ್‌ಸ್ಟೇಷನ್ 0.8 ಗಿಗಾಹರ್ಟ್ಸ್‌ಗೆ ಕುಸಿಯುತ್ತಿದೆ: ರಿಪೇರಿಯೋ, ಅಪ್‌ಗ್ರೇಡೋ, ಬೇರೆ ಯಂತ್ರವೋ?

ನಕ್ಷೆಗಾರ:

15.6 ಇಂಚಿನ ಮೊಬೈಲ್ ವರ್ಕ್‌ಸ್ಟೇಷನ್. ಕೋರ್ ಐ7-8850ಎಚ್, ಕ್ವಾಡ್ರೋ ಪಿ2000 ಜಿಪಿಯು (ಗ್ರಾಫಿಕ್ಸ್ ಚಿಪ್, 4 ಜಿಬಿ), 16 ಜಿಬಿಯ ಒಂದೇ ರ‍್ಯಾಮ್, 512 ಜಿಬಿ ಎನ್‌ವಿಎಂಇ, ವಿಂಡೋಸ್ 11. ಕೆಲಸ 3ಡಿ ವಿನ್ಯಾಸದ ತಂತ್ರಾಂಶ ಸಾಲಿಡ್‌ವರ್ಕ್ಸ್‌ನಲ್ಲಿ 600-800 ಬಿಡಿಭಾಗಗಳ ಅಸೆಂಬ್ಲಿ, ನಡುನಡುವೆ ಬ್ಲೆಂಡರ್‌ನಲ್ಲಿ 3ಡಿ ಚಿತ್ರಗಳ ರೆಂಡರ್.

ತೊಂದರೆಗಳು:
1. ಇದ್ದಕ್ಕಿದ್ದಂತೆ ಎಲ್ಲವೂ ತೆವಳತೊಡಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ 0.78-0.80 ಗಿಗಾಹರ್ಟ್ಸ್. ಆಗ ಬಿಸಿ ಬರೀ 55 ಡಿಗ್ರಿ.
2. ಉದ್ದದ ರೆಂಡರ್‌ನಲ್ಲಿ ಸಿಪಿಯು 97-98 ಡಿಗ್ರಿ ಮುಟ್ಟುತ್ತದೆ.
3. ದೊಡ್ಡ ಅಸೆಂಬ್ಲಿ ತೆರೆದು ಬ್ರೌಸರ್ ಕಡೆ ಹೋಗಿ ಬಂದರೆ ಕೆಲ ಕ್ಷಣ ಮೌಸ್ ಕೂಡ ಅಲುಗುವುದಿಲ್ಲ.

ಮೇಜಿನ ಮೇಲೆ ಯುಎಸ್‌ಬಿ-ಸಿ ಡಾಕ್‌ನಿಂದ ಪವರ್. ಜೊತೆಗೆ ಬಂದ 180 ವ್ಯಾಟ್ ಅಡಾಪ್ಟರ್ ಕೂಡ ಇದೆ. ರ‍್ಯಾಮ್ 64 ಜಿಬಿ ಮಾಡಿ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಬದಲಿಸಿದರೆ ಸಾಕೇ? ಅಥವಾ ಆರ್‌ಟಿಎಕ್ಸ್ ಎ2000 ಇರುವ ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಹೋಗುವುದು ವಾಸಿಯೇ?

ಬಿಸಿತಂತಿ:

ಮೂರೂ ಬೇರೆ ಬೇರೆ ಕಾಯಿಲೆ, ಒಂದೇ ಗುಳಿಗೆಗೆ ಹೋಗುವಂಥವಲ್ಲ. ಮೊದಲನೆಯದನ್ನು ಬಗೆಹರಿಸುವವರೆಗೆ ಒಂದು ಸ್ಕ್ರೂವನ್ನೂ ಬಿಚ್ಚಬೇಡಿ, ಏನನ್ನೂ ಕೊಳ್ಳಬೇಡಿ.

55 ಡಿಗ್ರಿಯಲ್ಲಿ 0.8 ಗಿಗಾಹರ್ಟ್ಸ್ ಎಂದರೆ ಅದು ಸಿಪಿಯು ಬಿಸಿಯಿಂದ ಆಗಿದ್ದಲ್ಲ. ಈ ಪ್ರೊಸೆಸರ್‌ನ ಕನಿಷ್ಠ ಗುಣಕ 8, ಮೂಲ ಗಡಿಯಾರ 100 ಮೆಗಾಹರ್ಟ್ಸ್. ಎರಡನ್ನೂ ಗುಣಿಸಿದರೆ 800. ಹೊರಗಿನಿಂದ ಯಾರೋ ಬ್ರೇಕ್ ತುಳಿದು ಹಿಡಿದಾಗ ಸಿಪಿಯು ಅಲ್ಲಿ ನಿಲ್ಲುತ್ತದೆ. ಆ ಬ್ರೇಕ್ ತಂತಿಯ ಹೆಸರು 'ಬಿಡಿ ಪ್ರೋಚಾಟ್' (BD PROCHOT). ಪವರ್ ಸರ್ಕ್ಯೂಟ್, ಎಂಬೆಡೆಡ್ ಕಂಟ್ರೋಲರ್, ಅಡಾಪ್ಟರ್ ಗುರುತಿಸುವ ಭಾಗ, ಇವುಗಳಲ್ಲಿ ಯಾವುದು ಬೇಕಾದರೂ ಅದನ್ನು ಎಳೆಯಬಹುದು. ಸಿಪಿಯು ಮಿತಿಗಳನ್ನು ತೋರಿಸುವ ಥ್ರಾಟಲ್‌ಸ್ಟಾಪ್ ತಂತ್ರಾಂಶ ತೆರೆದು ಲಿಮಿಟ್ಸ್ ಕಿಟಕಿ ನೋಡಿ. ನಿಧಾನವಾದ ಹೊತ್ತಿನಲ್ಲಿ ಬಿಡಿ ಪ್ರೋಚಾಟ್ ಕೆಂಪಾಗಿದ್ದರೆ ಅನುಮಾನ ಖಚಿತ. ಪಿಎಲ್1 ಕೆಂಪಾಗಿದ್ದರೆ ಅದು ಬರೀ ಸಿಪಿಯು ಸತತವಾಗಿ ಎಳೆಯಬಹುದಾದ ಪವರ್‌ನ ಮಿತಿ, ಬೇರೆ ವಿಷಯ.

ನನ್ನ ಮೊದಲ ಅನುಮಾನ ಡಾಕ್ ಮೇಲೆ. ಯುಎಸ್‌ಬಿ-ಸಿ ಪವರ್ ಡೆಲಿವರಿಯಲ್ಲಿ ಹಳೆಯ ಮಿತಿಯೇ 100 ವ್ಯಾಟ್. ಎಷ್ಟೋ ಡಾಕ್‌ಗಳು ಕೊಡುವುದು ಅದಕ್ಕಿಂತಲೂ ಕಡಿಮೆ. ನಿಮ್ಮ ಯಂತ್ರ ತಯಾರಾಗಿದ್ದು 180 ವ್ಯಾಟ್ ಲೆಕ್ಕಕ್ಕೆ. ಸಿಪಿಯು, ಜಿಪಿಯು ಒಟ್ಟಿಗೆ ದುಡಿದಾಗ ಕೊರತೆಯನ್ನು ಬ್ಯಾಟರಿ ತುಂಬುತ್ತದೆ. ಬ್ಯಾಟರಿ ಸವೆದಿದ್ದರೆ ತುಂಬಲಾರದು, ಆಗ ಕಂಟ್ರೋಲರ್ ಬ್ರೇಕ್ ಹಾಕುತ್ತದೆ.

ಪರೀಕ್ಷೆ ಹೀಗೆ ಮಾಡಿ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಎಲ್ಲ ವೈರ್ ತೆಗೆದು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಒಂದೇ ಕೆಲಸವನ್ನು ಮೂರು ಬಗೆಯಲ್ಲಿ ಓಡಿಸಿ: ಬರೀ ಬ್ಯಾಟರಿ, ಬರೀ 180 ವ್ಯಾಟ್ ಅಡಾಪ್ಟರ್ (ಡಾಕ್ ತೆಗೆದು), ಬರೀ ಡಾಕ್. ಡಾಕ್‌ನಲ್ಲಿ ಮಾತ್ರ ಕುಸಿದರೆ ಉತ್ತರ ಸಿಕ್ಕಿತು. ಅಡಾಪ್ಟರ್‌ನಲ್ಲೂ ಕುಸಿದು ಬ್ಯಾಟರಿಯಲ್ಲಿ ಚೆನ್ನಾಗಿದ್ದರೆ ಅಡಾಪ್ಟರ್ ಅಥವಾ ಅದರ ಜ್ಯಾಕ್. ದುಂಡು ಪಿನ್‌ನ ಅಡಾಪ್ಟರ್‌ಗಳಲ್ಲಿ ನಡುವಿನ ಸಣ್ಣ ಸೂಜಿ ಗುರುತಿನ ಸಂಕೇತ ಒಯ್ಯುತ್ತದೆ. ಅದು ಬಾಗಿದರೆ, ಒಳಗೆ ತಂತಿ ತುಂಡಾದರೆ ಪವರ್ ಬಂದರೂ ಯಂತ್ರಕ್ಕೆ ಅದು ಎಷ್ಟು ವ್ಯಾಟಿನದೆಂದು ತಿಳಿಯುವುದಿಲ್ಲ. ಹಲವು ಯಂತ್ರಗಳ ಬಯೋಸ್‌ನಲ್ಲೇ ಅಡಾಪ್ಟರ್ ಎಷ್ಟು ವ್ಯಾಟ್ ಎಂದು ತೋರಿಸುತ್ತದೆ, ಗುರುತು ಸಿಗದಿದ್ದರೆ 'ಅನ್‌ನೋನ್' ಎಂದಿರುತ್ತದೆ. ಲೇಬಲ್ ಕೂಡ ನೋಡಿ: 19.5 ವೋಲ್ಟ್‌ನ 180 ವ್ಯಾಟ್ ಅಡಾಪ್ಟರ್ ಮೇಲೆ 9.23 ಆಂಪಿಯರ್ ಎಂದಿರಬೇಕು. ಮೂರರಲ್ಲೂ ಕುಸಿದರೆ ಮಾತ್ರ ಬೋರ್ಡ್ ಕಡೆ ತಲೆಹಾಕಿ.

ಥ್ರಾಟಲ್‌ಸ್ಟಾಪ್‌ನಲ್ಲಿ ಬಿಡಿ ಪ್ರೋಚಾಟ್ ಟಿಕ್ ತೆಗೆದುಬಿಡಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ತೆಗೆದರೆ ವೇಗ ಬರುತ್ತದೆ, ನಿಜ. ಆದರೆ ಪವರ್ ಸರ್ಕ್ಯೂಟ್ ನಿಜಕ್ಕೂ ಸುಡುತ್ತಿದ್ದಾಗ ಕಾಪಾಡುವುದೂ ಅದೇ ತಂತಿ. ಕಾರಣ ಹುಡುಕಲು ಒಂದು ಗಳಿಗೆ ತೆಗೆದು ನೋಡಿ, ಕಾಯಂ ಆಗಿ ಬೇಡ.

ಕಡತಪಾಲ:

ಮೂರನೆಯ ತೊಂದರೆ ಬಹುತೇಕ ರ‍್ಯಾಮ್ ಕೊರತೆ. ಆದರೆ 64 ಬೇಕೋ 32 ಸಾಕೋ ಎಂದು ಊಹಿಸುವ ಅಗತ್ಯವಿಲ್ಲ. ಅತಿ ದೊಡ್ಡ ಅಸೆಂಬ್ಲಿ, ಬ್ರೌಸರ್, ಮಾಮೂಲಿ ತೆರೆದಿಡುವ ಎಲ್ಲವನ್ನೂ ತೆರೆದು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಕಮಿಟೆಡ್' ಅಂಕಿ (ತೆರೆದ ತಂತ್ರಾಂಶಗಳಿಗೆ ಒಟ್ಟು ಕೊಡಲೊಪ್ಪಿದ ಮೆಮೊರಿ) ನೋಡಿ. 'ಇನ್ ಯೂಸ್' ಅಲ್ಲ. ಅದು ಇರುವ 16ನ್ನು ದಾಟಿ ತೋರಿಸಲಾರದು. ಕಮಿಟೆಡ್ 24ರ ಆಸುಪಾಸು ಇದ್ದರೆ 32 ಸಾಕು. 30 ದಾಟಿದರೆ 64.

ಹಾಕುವುದು ಡಿಡಿಆರ್4-2666 ಸೋಡಿಮ್ (ಲ್ಯಾಪ್‌ಟಾಪ್ ಅಳತೆಯ ರ‍್ಯಾಮ್ ಕಡ್ಡಿ), 260 ಪಿನ್, 1.2 ವೋಲ್ಟ್. 3200ರದ್ದು ಕೊಂಡರೂ ಈ ಸಿಪಿಯುನಲ್ಲಿ 2666ಕ್ಕೇ ಓಡುತ್ತದೆ. ಇಸಿಸಿ (ದೋಷ ತಿದ್ದಿಕೊಳ್ಳುವ) ರ‍್ಯಾಮ್‌ಗೆ ಹೋಗಬೇಡಿ: ಅದೇ ಚಾಸಿಯಲ್ಲಿ ಬಂದ ಜಿಯಾನ್ ಇ-2176ಎಂ ಅದನ್ನು ಬಳಸುತ್ತದೆ, ಐ7 ಬಳಸುವುದಿಲ್ಲ. ಒಂದೇ ಕಡ್ಡಿ ಇದ್ದರೆ ಸಿಂಗಲ್ ಚಾನೆಲ್ (ಮೆಮೊರಿಗೆ ಒಂದೇ ದಾರಿ), ಸೆಕೆಂಡಿಗೆ ಸುಮಾರು 21 ಜಿಬಿ. ಜೋಡಿ ಹಾಕಿದರೆ ಅದರ ದುಪ್ಪಟ್ಟು. ಹಾಗಾಗಿ ಇರುವ 16ರ ಪಕ್ಕಕ್ಕೆ ಇನ್ನೊಂದು 16 ಸೇರಿಸುವುದೇ ಅಗ್ಗದ ಮೊದಲ ಹೆಜ್ಜೆ.

ನಾಲ್ಕು ಸ್ಲಾಟ್ ಇರುವ ಮಾದರಿಯಾದರೆ ಸಾಮಾನ್ಯವಾಗಿ ಎರಡು ತಳದ ಮುಚ್ಚಳದಡಿ, ಎರಡು ಕೀಬೋರ್ಡ್ ಅಡಿ ಇರುತ್ತವೆ. ಜೋಡಿ ಎಲ್ಲಿ ಹಾಕಬೇಕೆಂಬುದನ್ನು ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ ನೋಡಿಯೇ ನಿರ್ಧರಿಸಿ. ತಳದ ಎರಡೂ ಸ್ಲಾಟ್ ಒಂದೇ ಚಾನೆಲ್‌ಗೆ ಸೇರಿರಬಹುದು. ಒಳಗಿನ ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿ. ಕಡ್ಡಿಯನ್ನು ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಪಿನ್‌ಗಳು ಬಹುತೇಕ ಮರೆಯಾದ ಮೇಲೆಯೇ ಕೆಳಗೆ ಒತ್ತಿ, ಎರಡೂ ಬದಿ ಕ್ಲಿಕ್ ಆಗಬೇಕು. ಮೊದಲ ಬೂಟ್‌ನಲ್ಲಿ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರುವುದು ಮಾಮೂಲು, ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಪವರ್ ಕಟ್ ಮಾಡಬೇಡಿ. ಆಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86+ ಓಡಿಸಿ. ಒಂದೇ ಒಂದು ದೋಷ ಕಂಡರೂ ಕಡ್ಡಿ ವಾಪಸ್.

ಎಸ್‌ಎಸ್‌ಡಿ ಬದಲಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಇಂಥ ಯಂತ್ರಗಳು ಬಯೋಸ್‌ನಲ್ಲಿ ರೇಡ್ ಮೋಡ್‌ನಲ್ಲಿ ಬರುವುದುಂಟು. ರೇಡ್, ಎಎಚ್‌ಸಿಐ ಎರಡೂ ಡ್ರೈವ್ ಜೊತೆ ಮಾತಾಡುವ ಬೇರೆ ಬೇರೆ ಬಗೆ. ಅದನ್ನು ನೇರವಾಗಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಬೀಗ) ಸಸ್ಪೆಂಡ್ ಮಾಡಿ, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್, ಬಯೋಸ್‌ನಲ್ಲಿ ಎಎಚ್‌ಸಿಐ, ಸೇಫ್ ಮೋಡ್‌ಗೆ ಒಮ್ಮೆ ಹೋಗಿ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ಪಿನ್ ಲಾಗಿನ್ ಕೈಕೊಡಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಇದು ಮೂರನೆಯ ತಲೆಮಾರಿನ ಪಿಸಿಐಇ, ಸೆಕೆಂಡಿಗೆ 3500 ಎಂಬಿ ಸುತ್ತಮುತ್ತ ನಿಲ್ಲುತ್ತದೆ. ನಾಲ್ಕನೆಯ ತಲೆಮಾರಿನ ದುಬಾರಿ ಡ್ರೈವ್ ಇಲ್ಲಿ ವ್ಯರ್ಥ.

ಮೂರನೇಕಣ್ಣು:

ಬೇರೆ ಯಂತ್ರದ ಪ್ರಶ್ನೆಗೆ ಬರುತ್ತೇನೆ. ಸಾಲಿಡ್‌ವರ್ಕ್ಸ್ ರೀಬಿಲ್ಡ್ (ಬದಲಾವಣೆಯ ನಂತರ ಮಾಡೆಲ್ ಅನ್ನು ಮತ್ತೆ ಲೆಕ್ಕಹಾಕುವುದು) ಬಹುಪಾಲು ಒಂದೇ ಕೋರ್‌ನ ಕೆಲಸ. ಅದಕ್ಕೆ ಜಿಪಿಯು ಬದಲಿಸಿ ಸಿಗುವುದು ಅಷ್ಟಕ್ಕಷ್ಟೇ. ಮಾಡೆಲ್ ತಿರುಗಿಸುವಾಗ ಎಳೆಯುತ್ತಿದ್ದರೆ ಮೊದಲು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಇಮೇಜ್ ಕ್ವಾಲಿಟಿ ಸ್ಲೈಡರ್ ಇಳಿಸಿ ನೋಡಿ, ಅದನ್ನು ಕೆಂಪು ಪಟ್ಟಿಯವರೆಗೆ ಏರಿಸಿಟ್ಟ ಕಡತಗಳು ಬೇಕಾದಷ್ಟು ಸಿಗುತ್ತವೆ.

ಬ್ಲೆಂಡರ್ ಕಥೆ ಬೇರೆ. ಪಿ2000 ಪಾಸ್ಕಲ್ ತಲೆಮಾರಿನದು, ರೇ ಟ್ರೇಸಿಂಗ್ ಕೋರ್ ಇಲ್ಲ. 2025ರಲ್ಲಿ ಬಂದ 'ಕೂಡಾ 13' (CUDA, ಎನ್‌ವಿಡಿಯಾ ಚಿಪ್‌ನಲ್ಲಿ ಲೆಕ್ಕ ಓಡಿಸುವ ತಂತ್ರಾಂಶ) ಪಾಸ್ಕಲ್ ಅನ್ನು ಕೈಬಿಟ್ಟಿದೆ, ಎನ್‌ವಿಡಿಯಾದ 580 ಡ್ರೈವರ್ ಸರಣಿಯೇ ಅದಕ್ಕೆ ಕೊನೆಯದು. ನಾಳೆಯೇ ನಿಂತುಹೋಗುವುದಿಲ್ಲ, ಆದರೆ ಮುಂದೆ ದಾರಿಯಿಲ್ಲ.

ಹಾಗೆಂದು ಎ2000ಕ್ಕೆ ಜಿಗಿಯುವುದನ್ನು ನಾನು ಒಪ್ಪುವುದಿಲ್ಲ. ಅದರ ಲ್ಯಾಪ್‌ಟಾಪ್ ಆವೃತ್ತಿ ಹೆಚ್ಚಾಗಿ ಸಿಗುವುದು 4 ಜಿಬಿಯಲ್ಲೇ. ದೃಶ್ಯ 4 ಜಿಬಿಯಲ್ಲಿ ಹಿಡಿಸದಿದ್ದರೆ ಚಿಪ್ ಎಷ್ಟು ಚುರುಕಾಗಿದ್ದರೇನು? ಎ3000 ಆದರೆ 6 ಅಥವಾ 12, ಎ4000 ಆದರೆ 8, ಎ5000 ಆದರೆ 16 ಜಿಬಿ. ಟ್ಯೂರಿಂಗ್ ತಲೆಮಾರಿನ ಕ್ವಾಡ್ರೋ ಆರ್‌ಟಿಎಕ್ಸ್ 4000 (8 ಜಿಬಿ), 5000 (16 ಜಿಬಿ) ಕೂಡ ಈಗಲೂ ಒಳ್ಳೆಯ ಆಯ್ಕೆ. ಟಿ1000, ಟಿ2000 ಟ್ಯೂರಿಂಗ್ ಆದರೂ ರೇ ಟ್ರೇಸಿಂಗ್ ಕೋರ್ ಇಲ್ಲದವು, ಹೆಸರು ನೋಡಿ ಮೋಸಹೋಗಬೇಡಿ.

ಅದೇ ಹೆಸರಿನ ಚಿಪ್ ತೆಳು ಯಂತ್ರದಲ್ಲಿ ಕಡಿಮೆ ವ್ಯಾಟ್‌ಗೆ, ದಪ್ಪ ಯಂತ್ರದಲ್ಲಿ ಹೆಚ್ಚು ವ್ಯಾಟ್‌ಗೆ ಓಡುತ್ತದೆ. ಬೆನ್ನು ಒಪ್ಪಿದರೆ ದಪ್ಪದ್ದೇ ತಗೊಳ್ಳಿ: ಥಿಂಕ್‌ಪ್ಯಾಡ್ ಪಿ15, ಪ್ರಿಸಿಷನ್ 7000 ಸರಣಿ, ಝಡ್‌ಬುಕ್ ಫ್ಯೂರಿ. ಪಿ1, ಪ್ರಿಸಿಷನ್ 5000, ಝಡ್‌ಬುಕ್ ಸ್ಟುಡಿಯೋ ತೆಳು ಸಾಲಿನವು. ಸ್ಟುಡಿಯೋದ ಕೆಲವು ತಲೆಮಾರುಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. 2022ರ ಪ್ರಿಸಿಷನ್ 7670ಯಲ್ಲಿ ರ‍್ಯಾಮ್ 'ಕ್ಯಾಮ್' (CAMM) ಎಂಬ ಬೇರೆ ಆಕಾರದ ಮಾಡ್ಯೂಲ್ ಆಗಿರಬಹುದು, ಮಾಮೂಲಿ ಸೋಡಿಮ್ ಅದಕ್ಕೆ ಕೂರುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ದುಡ್ಡು ಕೊಡುವ ಮುನ್ನ ಬಯೋಸ್ ಒಳಗೆ ಹೋಗಿ ಒಂದು ಸೆಟ್ಟಿಂಗ್ ಬದಲಿಸಿ ಸೇವ್ ಆಗುತ್ತದೆಯೇ ನೋಡಿ. ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಸೇರಿಸಿಯೇ ಸೆಟಪ್ ಮುಗಿಸಿ. ಹಳೆಯ ಕಂಪನಿಯ ಲಾಗಿನ್ ಕೇಳಿದರೆ ಯಂತ್ರ ಇನ್ನೂ ಅವರ ಆಟೋಪೈಲಟ್ (ಕಂಪನಿಯ ಯಂತ್ರಗಳನ್ನು ದೂರದಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ) ಪಟ್ಟಿಯಲ್ಲಿದೆ ಎಂದರ್ಥ. ಆಫ್‌ಲೈನ್‌ನಲ್ಲಿ ಸೆಟಪ್ ಮಾಡಿ ತೋರಿಸಿದರೆ ಇದು ಗೊತ್ತೇ ಆಗುವುದಿಲ್ಲ. ಏಳನೆಯ ತಲೆಮಾರಿನ ಇಂಟೆಲ್ ಎಷ್ಟೇ ಅಗ್ಗವಿದ್ದರೂ ಬೇಡ. ಬೆರಳೆಣಿಕೆಯಷ್ಟು ಬಿಟ್ಟರೆ ಯಾವುದಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಕ್ಷೆಗಾರ:

ಪರೀಕ್ಷೆ ಮಾಡಿದೆ. ಡಾಕ್‌ನಲ್ಲಿ ಮಾತ್ರ ಬಿಡಿ ಪ್ರೋಚಾಟ್ ಕೆಂಪು. 180 ವ್ಯಾಟ್ ಅಡಾಪ್ಟರ್‌ನಲ್ಲಿ ಕುಸಿತವಿಲ್ಲ. ಕಮಿಟೆಡ್ 27 ಜಿಬಿ. ಅಡಾಪ್ಟರ್‌ನಲ್ಲಿ ಸಿಪಿಯು ಮಾತ್ರ ದುಡಿಸಿದಾಗ ಒಂದು ಕೋರ್ 98, ಇನ್ನೊಂದು 81 ಡಿಗ್ರಿ. ಪೇಸ್ಟ್ ಸಮಸ್ಯೆಯೇ?

ಬಿಸಿತಂತಿ:

ಡಾಕ್ ಇಟ್ಟುಕೊಳ್ಳಿ, ಮಾನಿಟರ್, ನೆಟ್‌ವರ್ಕ್‌ಗೆ ಬಳಸಿ. ಜೊತೆಗೆ 180ರದ್ದನ್ನೂ ಚುಚ್ಚಿ. ಎರಡೂ ಇದ್ದಾಗ ಯಾವುದರಿಂದ ಪವರ್ ಎಳೆಯುತ್ತಿದೆ ಎಂದು ಬಯೋಸ್‌ನಲ್ಲೋ ತಯಾರಕರ ಪವರ್ ಆ್ಯಪ್‌ನಲ್ಲೋ ಖಚಿತಪಡಿಸಿಕೊಳ್ಳಿ.

ಒಂದೇ ಹೊರೆಯಲ್ಲಿ ಕೋರ್‌ಗಳ ನಡುವೆ 17 ಡಿಗ್ರಿ ಅಂತರ ಎಂದರೆ ಹೀಟ್‌ಸಿಂಕ್ ಸಮನಾಗಿ ಕೂತಿಲ್ಲ, ಅಥವಾ ಪೇಸ್ಟ್ ಒಂದು ಕಡೆ ಹೊರಕ್ಕೆ ಹಿಂಡಿಹೋಗಿದೆ. ಬರೀ ಧೂಳಾಗಿದ್ದರೆ ಎಲ್ಲ ಕೋರ್ ಒಟ್ಟಿಗೆ ಏರುತ್ತಿದ್ದವು.

ಬಿಚ್ಚುವ ಮುನ್ನ ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲಿ, ಆಮೇಲೆ ಆಫ್ ಮಾಡಿ ಬ್ಯಾಟರಿ ಬಿಡಿಸಿ. ಹೀಟ್‌ಸಿಂಕ್ ಮೇಲಿನ ಸ್ಕ್ರೂಗಳನ್ನು ಅವುಗಳ ಪಕ್ಕದ ಸಂಖ್ಯೆಯ ಇಳಿಕೆ ಕ್ರಮದಲ್ಲಿ ಸಡಿಲಿಸಿ. ಹಳೆಯದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಲ್ಯಾಪ್‌ಟಾಪ್ ಚಿಪ್‌ಗೆ ಲೋಹದ ಮುಚ್ಚಳವಿಲ್ಲ, ತೆಳು ಪೇಸ್ಟ್ ಬಿಸಿ-ತಂಪಿನ ಏರಿಳಿತಕ್ಕೆ ಬೇಗ ಜಾರುತ್ತದೆ. ಹಾಗಾಗಿ ಪೇಸ್ಟ್ ಬದಲು ಬಿಸಿಗೆ ಮೆತ್ತಗಾಗಿ ಕೂರುವ ಹನಿವೆಲ್ ಪಿಟಿಎಂ7950 ಹಾಳೆ ನನ್ನ ಆಯ್ಕೆ: ಚಿಪ್ ಅಳತೆಗೆ ಕತ್ತರಿಸಿ, ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತಿಟ್ಟರೆ ಮೇಲಿನ ಪ್ಲಾಸ್ಟಿಕ್ ಪದರ ಸಲೀಸಾಗಿ ಬಿಡುತ್ತದೆ. ಕೆಲವು ಸಲ ಬಿಸಿಯಾಗಿ ಆರಿದ ಮೇಲೆಯೇ ಅದು ಪೂರ್ತಿ ಕೂರುವುದು, ಮೊದಲ ಅರ್ಧ ಗಂಟೆಯ ಅಂಕಿ ನೋಡಿ ಬೇಸರ ಬೇಡ. ಲಿಕ್ವಿಡ್ ಮೆಟಲ್ ಬೇಡವೇ ಬೇಡ.

ಜಿಪಿಯು ಮೆಮೊರಿ ಮೇಲಿನ ಪ್ಯಾಡ್ ಹರಿಯದಿದ್ದರೆ ಮುಟ್ಟಬೇಡಿ. ಹರಿದರೆ ಅದೇ ದಪ್ಪದ್ದು ಹಾಕಿ. ಅರ್ಧ ಮಿಲಿಮೀಟರ್ ದಪ್ಪ ಹೆಚ್ಚಾದರೂ ಹೀಟ್‌ಸಿಂಕ್ ಚಿಪ್‌ನಿಂದ ಮೇಲೆದ್ದು ನಿಲ್ಲುತ್ತದೆ, ಬಿಸಿ ಮೊದಲಿಗಿಂತ ಹೆಚ್ಚುತ್ತದೆ. ಸ್ಕ್ರೂ ಬಿಗಿಯುವುದು 1ರಿಂದ ಕ್ರಮವಾಗಿ, ಒಂದನ್ನೇ ಪೂರ್ತಿ ಬಿಗಿಯದೆ ಎರಡು ಸುತ್ತಿನಲ್ಲಿ. ತೆರೆದಾಗ ಬ್ಯಾಟರಿ ಉಬ್ಬಿದೆಯೇ ನೋಡಿ. ಟಚ್‌ಪ್ಯಾಡ್ ಕ್ಲಿಕ್ ಬಿಗಿಯಾಗಿದ್ದರೆ ಆಗಲೇ ಅನುಮಾನಿಸಿ. ಉಬ್ಬಿದ್ದರೆ ಮತ್ತೆ ಚಾರ್ಜ್ ಮಾಡಬಾರದು, ಒತ್ತಬಾರದು, ಬದಲಿಸಲೇಬೇಕು.

ಅಂಡರ್‌ವೋಲ್ಟ್ (ಬಿಸಿ ಇಳಿಸಲು ಸಿಪಿಯು ವೋಲ್ಟೇಜ್ ತಗ್ಗಿಸುವುದು) ಬಗ್ಗೆ ಮುಂದಿನ ಪ್ರಶ್ನೆ ಬರುತ್ತದೆಂದು ಈಗಲೇ ಹೇಳಿಬಿಡುತ್ತೇನೆ: 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಬಂದ ಬಯೋಸ್‌ಗಳಲ್ಲಿ ಹೆಚ್ಚಿನವು ಅದಕ್ಕೆ ಬೀಗ ಹಾಕಿವೆ. ಅದರ ಬದಲು ಪಿಎಲ್1 ಅನ್ನು 45ರಿಂದ 38-40 ವ್ಯಾಟ್‌ಗೆ ಇಳಿಸಿ. ಫ್ಯಾನ್ ಸದ್ದು ಇಳಿಯುತ್ತದೆ, ರೆಂಡರ್ ಸಮಯ ಅಷ್ಟೇನೂ ಏರುವುದಿಲ್ಲ.

ಕಡತಪಾಲ:

ಕಮಿಟೆಡ್ 27 ಇದ್ದರೆ 16+16 ಸಾಕು, ಆದರೆ ಮುಂದೆ ಅಸೆಂಬ್ಲಿ ದೊಡ್ಡದಾಗುವಂತಿದ್ದರೆ 32 ಜಿಬಿಯ ಎರಡು ಕಡ್ಡಿಗಳನ್ನೇ (ಒಟ್ಟು 64) ಹಾಕಿ. ಇರುವ 16ರ ಜೊತೆ 32 ಸೇರಿಸಿದರೂ ಓಡುತ್ತದೆ: 32 ಜಿಬಿವರೆಗೆ ಡ್ಯುಯಲ್ ಚಾನೆಲ್, ಉಳಿದ 16 ಸಿಂಗಲ್.