ಸಹಾಯ ಬೇಕು: ಮಗಳ ಕನ್ನಡಕ್ಕೆ ಹೈಸ್ಕೂಲ್ ಕ್ರೆಡಿಟ್

ಎಲ್ಲರಿಗೂ ನಮಸ್ಕಾರ. ನಾವಿರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರ. ಮಗಳು 10ನೇ ಗ್ರೇಡ್. ಆರು ವರ್ಷದಿಂದ ಭಾನುವಾರದ ಕನ್ನಡ ತರಗತಿಗೆ ಹೋಗುತ್ತಿದ್ದಾಳೆ. ಹಾಸನದ ಅಜ್ಜಿಗೆ ತಾನೇ ಕಾಗದ ಬರೆಯುತ್ತಾಳೆ. ಹೋದ ವಾರ "ಮಳೆ" ಅನ್ನೋದನ್ನ "ಮಲೆ" ಅಂತ ಬರೆದು, ಒಮ್ಮೆ ಜೋರಾಗಿ ಓದಿ, ತಾನೇ ಹೊಡೆದುಹಾಕಿ ತಿದ್ದಿದಳು. ನನಗೆ ಕಣ್ಣು ತುಂಬಿ ಬಂತು.

ಇಲ್ಲಿ ಹೈಸ್ಕೂಲ್ ಮುಗಿಸೋಕೆ 24 ಕ್ರೆಡಿಟ್ (ಪಾಸಾದ ಪ್ರತಿ ವಿಷಯಕ್ಕೆ ಸಿಗುವ ಲೆಕ್ಕ) ಬೇಕು. ಭಾಷೆಯನ್ನು ಮನೆಯಲ್ಲೇ ಕಲಿತಿದ್ದರೂ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯಬಹುದು. ನೋವಿಸ್ ಮಿಡ್ (ಆರಂಭದ ಹಂತದ ನಡುಭಾಗ) ಮಟ್ಟಕ್ಕೆ 1 ಕ್ರೆಡಿಟ್, ಇಂಟರ್ಮೀಡಿಯೆಟ್ ಮಿಡ್ (ಮಧ್ಯಮ ಹಂತದ ನಡುಭಾಗ) ಮುಟ್ಟಿದರೆ 4. ಆದರೆ ಶಾಲೆಯ ಕೌನ್ಸಿಲರ್, "ಕನ್ನಡ ಯಾರೂ ಕೇಳಿಲ್ಲ, ಸುಮ್ನೆ ಸ್ಪ್ಯಾನಿಷ್ ತಗೊಳ್ಳಿ" ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಅವಳ ಆರು ವರ್ಷದ ಕಲಿಕೆ ಲೆಕ್ಕಕ್ಕೆ ಬರಬೇಕು ಅಲ್ವಾ?

ನಿಮ್ಮ ಮಕ್ಕಳು ಕನ್ನಡದಲ್ಲಿ ಈ ಕ್ರೆಡಿಟ್ ಪಡೆದಿದ್ದರೆ ದಯವಿಟ್ಟು ತಿಳಿಸಿ. ಶಾಲೆಯವರನ್ನು ಹೇಗೆ ಒಪ್ಪಿಸಿದಿರಿ? ಯಾವ ಪರೀಕ್ಷೆ ಬರೆದರು, ಎಷ್ಟು ತಿಂಗಳು ಮೊದಲೇ ಹೆಸರು ಕೊಟ್ಟಿರಿ? ಇವಳಿಗೆ ಮಾತು ಸಲೀಸು, ಕೈಬರಹವೂ ಪರವಾಗಿಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡೋದೇ ಕಷ್ಟ, ಒತ್ತಕ್ಷರ ಬಂದ ಕೂಡಲೇ ಬೆರಳು ನಿಂತುಬಿಡುತ್ತದೆ. ಅಭ್ಯಾಸಕ್ಕೆ ಯಾವ ಕೀಬೋರ್ಡ್ ಒಳ್ಳೆಯದು? ಮುಂದಿನ ತಿಂಗಳು ಕೌನ್ಸಿಲರ್ ಜೊತೆ ಮತ್ತೆ ಮಾತಾಡುವುದಿದೆ.