ಕಬ್ಬಿನ ನೀರು, ಜೋಳದ ರೊಟ್ಟಿ: ನಮ್ಮ ತಾಟಿನ ಲೆಕ್ಕ ಯಾರು ಹಾಕ್ತೀರಿ?

ಡೋಣಿ ಸಾಲಿನವ (ವಿಜಯಪುರ): ನೀರು ಉಳಿಸ್ರಿ ಅಂದ್ರ ನಾವು ನಳ ಬಂದ್ ಮಾಡೂದು, ಬಕೀಟಿನ್ಯಾಗ ಜಳಕ ಮಾಡೂದು ಇಷ್ಟ ಮಾತಾಡ್ತೀವಿ. ಊಟದ ನೀರಿನ ಲೆಕ್ಕ ಯಾರೂ ಹಾಕೂದಿಲ್ಲ. ನಮ್ಮ ಕಡೆ ವರ್ಷಕ್ಕ ಬೀಳೂ ಮಳಿ 600 ಮಿ.ಮೀ. ಆಸುಪಾಸು. ಕಬ್ಬಿಗೆ ಬೇಕಾಗೂದು 1500ರಿಂದ 2500 ಮಿ.ಮೀ. ಉಳಿದದ್ದನ್ನ ಹೊಳಿ, ಕಾಲುವಿ, ಬೋರ್ ಕೊಡಬೇಕು. ಹಿಂಗಾರಿ ಮಾಲದಂಡಿ ಜೋಳ ಹಂಗಲ್ಲ. ಸೆಪ್ಟೆಂಬರ್-ಅಕ್ಟೋಬರದಾಗ ಬಿತ್ತಿದ್ರ ಎರಿ (ಕಪ್ಪು) ಮಣ್ಣು ಹಿಡಿದಿಟ್ಟ ಹಸಿ ಮ್ಯಾಲೇ ಬೆಳದು ನಿಲ್ತೈತಿ. ‘ಡೋಣಿ ಹರಿದರ ಓಣಿಯೆಲ್ಲಾ ಜೋಳ’ ಅಂತ ಡೋಣಿ ಹೊಳಿ ಬಗ್ಗೆ ಗಾದಿ ಇರೂ ನಾಡು ನಮ್ಮದು. ಇವತ್ತು ಅದೇ ಓಣ್ಯಾಗ ಎರಡೂ ಹೊತ್ತು ಅನ್ನ, ಚಪಾತಿ. ಜೋಳ ತಿನ್ನವರ ಇಲ್ಲಂದ್ರ ಬಿತ್ತವರು ಎಲ್ಲಿಂದ ಬರಬೇಕು?

ಹೊಳಿದಂಡಿ ರೈತ (ಜಮಖಂಡಿ): ಕಬ್ಬಿನವರನ್ನ ನೀರುಗಳ್ಳರು ಮಾಡಬ್ಯಾಡ್ರಿ. ಈ ನೀರು ನಮಗ ಯಾರೂ ಪುಕ್ಕಟ ಕೊಟ್ಟಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ ಕೃಷ್ಣಾ ಹೊಳಿಗೆ ಚಿಕ್ಕಪಡಸಲಗಿ ಹತ್ರ ರೈತರು ತಮ್ಮ ರೊಕ್ಕ, ತಮ್ಮ ದುಡಿಮಿ ಹಾಕಿ 1989ರಾಗ ಬ್ಯಾರೇಜ್ ಕಟ್ಟಿದ್ರು. ಅದಕ್ಕ ಶ್ರಮಬಿಂದು ಸಾಗರ ಅಂತ ಹೆಸರು. ಮಾಲದಂಡಿಗೆ 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 3421 ರೂಪಾಯಿ ಇತ್ತು, ಖರೆ. ಆದ್ರ ಹಿಂಗಾರಿ ಮಳಿ ಕೈಕೊಟ್ರ ಎಕರೆಕ ಎಷ್ಟು ಚೀಲ ಬರ್ತಾವು? ಕೀಳಾಕ, ತೆನಿ ಮುರಿಯಾಕ ಆಳು ಎಲ್ಲಿ? ಕಬ್ಬಿನ ಬಿಲ್ಲು ತಡಾ ಆದ್ರೂ ಬರ್ತೈತಿ. ಅದಕ್ಕೂ 2025ರ ನವೆಂಬರದಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸಿನ್ಯಾಗ ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ರಸ್ತಾದಾಗ ಕೂಡಬೇಕಾತು, ಸರ್ಕಾರ 3300ಕ್ಕ ತಂದು ನಿಲ್ಲಿಸ್ತು. ಶಹರದವರು ಸಕ್ಕರಿ ಬಿಡ್ರಿ ಮೊದಲ.

ಎರಿಹೊಲ (ಮುಧೋಳ): ಇಬ್ಬರ ಮಾತೂ ಸರಿ. ಆದ್ರ ನೀರು ಹೆಚ್ಚಾಗಿ ಕೆಟ್ಟ ಹೊಲಾನೂ ಲೆಕ್ಕಕ್ಕ ತಗೋರಿ. ಕಾಲುವಿ ನೀರು ಹರಿಬಿಟ್ಟು ಹರಿಬಿಟ್ಟು ಎಷ್ಟೋ ಭೂಮಿ ಸವಳು-ಜವಳು ಆಗೇತಿ, ಬ್ಯಾಸಗ್ಯಾಗ ಮ್ಯಾಲೆ ಉಪ್ಪು ಬೆಳ್ಳಗ ಕಾಣ್ತೈತಿ. ಕಬ್ಬು ಬ್ಯಾಡ ಅನ್ನೂದಿಲ್ಲ ನಾನು. ಹನಿ ನೀರಾವರಿ ಮಾಡ್ರಿ, ರವದಿಗೆ (ಕಬ್ಬಿನ ಒಣ ಎಲಿಗೆ) ಬೆಂಕಿ ಹಚ್ಚೂದು ಬಿಡ್ರಿ. ಸಾಲಿನ ನಡುವ ರವದಿ ಹಾಸಿದ್ರ ಹಸಿ ಆರೂದಿಲ್ಲ, ಕಸಾನೂ ಕಡಿಮಿ.

ನೇಸರಗಿ ಅಕ್ಕ (ಬೆಳಗಾವಿ): ಹೊಲ, ಹೊಳಿ, ಫ್ಯಾಕ್ಟರಿ ಎಲ್ಲಾ ಬಂತು. ರೊಟ್ಟಿ ಬಡಿಯವರ ಮಾತು ಯಾರೂ ಆಡ್ಲಿಲ್ಲಲ್ರಿ! ಗೋಧಿಹಿಟ್ಟು ರಾತ್ರಿನೇ ನಾದಿ ಇಡಬಹುದು. ಜೋಳದ ಹಿಟ್ಟಿಗೆ ಎಸರು ಕುದಿಸಿ ಹಾಕಬೇಕು, ಬಿಸಿ ಇರುವಾಗಲೇ ಅಂಗೈಲಿ ತಿಕ್ಕಿ ನಾದಬೇಕು. ಹಿಟ್ಟು ಹಳೇದಾದ್ರ ಜಿಗಿ ಹೋಗಿ ಬಡಿಯೂ ಮುಂದ ಅಂಚು ಸೀಳ್ತೈತಿ, ಎತ್ತಿ ಹಂಚಿಗೆ ಹಾಕೂದ್ರಾಗ ಎರಡು ತುಂಡು. ಅದಕ್ಕ ಸ್ವಲ್ಪ ಸ್ವಲ್ಪನೇ ಬೀಸಿಸಬೇಕು, ಅಂದ್ರ ಮತ್ತ ಮತ್ತ ಗಿರಣಿಗೆ ಓಡಾಟ. ಮ್ಯಾಲೆ ನೀರು ಸವರಿ, ತಿರುವಿ ಹಾಕಿ, ಉಬ್ಬೂತನಕ ಒಲಿ ಮುಂದ ನಿಂದ್ರಬೇಕು. ಮುಂಜಾನೆ ಎಂಟಕ್ಕ ಕೆಲಸಕ್ಕ ಹೋಗೂ ಹೆಣ್ಣುಮಗಳು ಕುಕ್ಕರ್ ಇಟ್ಟು ಅನ್ನ ಮಾಡಿದ್ರ ಅದು ತಪ್ಪಲ್ಲ. ಭೂಮಿ ಉಳಿಸೂ ಭಾರ ಅಕಿ ರಟ್ಟಿ ಮ್ಯಾಲ ಹಾಕಬ್ಯಾಡ್ರಿ. ಗಂಡಸರೂ ರೊಟ್ಟಿ ಕಲೀರಿ, ಆಮ್ಯಾಲ ಚರ್ಚಾ ಮಾಡೂಣು.

ಡೋಣಿ ಸಾಲಿನವ: ಅಕ್ಕಾ, ಒಪ್ಪಿದೆ. ನಮ್ಮ ಮನ್ಯಾಗ ಹಂಚಿನ ಮುಂದ ನಾನ ಇರ್ತೀನಿ, ಬಡಿಯೂದು ಇನ್ನೂ ನಮ್ಮವ್ವಂದ. ಕಟಕ ರೊಟ್ಟಿ ಒಂದು ದಾರಿ ಅನಸ್ತೈತಿ. ವಾರಕ್ಕೊಮ್ಮೆ ಕುಂತು ತೆಳ್ಳಗ ಬಡಿದು ಖಡಕ್ ಮಾಡಿ ಅರಿವ್ಯಾಗ ಸುತ್ತಿ ಇಟ್ರ ಫ್ರಿಜ್ ಬ್ಯಾಡ, ದಿನಾ ಒಲಿ ಹಚ್ಚೂದು ಬ್ಯಾಡ. ಶೇಂಗಾ ಹಿಂಡಿ, ಮೊಸರು ಇದ್ರ ಆತು.

ನೇಸರಗಿ ಅಕ್ಕ: ನಮ್ಮ ಓಣ್ಯಾಗ ಹೆಣ್ಣುಮಕ್ಕಳ ಗುಂಪಿನವರು ಮಾಡಿ ಮಾರ್ತಾರ. ಅವರ ಹತ್ರ ತಗೋರಿ. ಆದ್ರ ಹೋಟೆಲಿನ್ಯಾಗ ರೊಕ್ಕ ಎಣಿಸಿ ಕೊಡವರು ಅವರ ಮುಂದ ಚೌಕಾಸಿ ಮಾಡ್ತಾರ, ಅದು ನಿಲ್ಲಬೇಕು.

ಗೋಳಗುಮ್ಮಟದ ಹಿಂದ (ವಿಜಯಪುರ): ನೀರಿನ ಮಾತು ಬಂತಂತ ಒಂದು ಸಣ್ಣ ವಿಷಯ. ಮನ್ಯಾಗ ನೀರು ಶುದ್ಧ ಮಾಡೂ ಆರ್‌ಓ ಮಷೀನು ಸಾಮಾನ್ಯವಾಗಿ ಕುಡಿಯೂ ನೀರಿಗಿಂತ ಹೆಚ್ಚು ನೀರನ್ನ ಪೈಪಿನ್ಯಾಗ ಹೊರಗ ಬಿಡ್ತೈತಿ. ಅದನ್ನ ಡ್ರಮ್ಮಿಗೆ ಹಿಡದು ನೆಲ ಒರೆಸ್ರಿ, ಬಚ್ಚಲಕ್ಕ ಬಳಸ್ರಿ. ಗಿಡಕ್ಕ ಹಾಕಬ್ಯಾಡ್ರಿ, ಉಪ್ಪು ಜಾಸ್ತಿ ಇರ್ತೈತಿ.

ಹೊಳಿದಂಡಿ ರೈತ: ಅಕ್ಕನ ಮಾತು ಖರೆ. ನಾನೂ ದನದ ಕಣಿಕಿಗಂತ ಒಂದಿಷ್ಟು ಜೋಳ ಹಾಕವನ. ಹೆಚ್ಚು ಹಾಕಾಕ ತಯಾರಿದ್ದೀನಿ, ಕಬ್ಬು ಪೂರಾ ಬಿಡೂದಿಲ್ಲ. ಆದ್ರ ಸುಗ್ಗಿಯಾಗ ನೀವ ಹೊಲಕ್ಕ ಬಂದು, ಬೆಂಬಲ ಬೆಲೆಗಿಂತ ಕಮ್ಮಿಗೆ ಕೇಳದಂಗ, ವರ್ಷಕ್ಕ ಬೇಕಾದ ಕಾಳು ಒಯ್ಯಬೇಕು. ಬಿತ್ತೂಕಿಂತ ಮೊದಲ ಹೇಳ್ರಿ, ಯಾರಿಗೆ ಎಷ್ಟು ಅಂತ.

ನೇಸರಗಿ ಅಕ್ಕ: ನಮ್ಮ ಮನಿಗೆ ಎರಡು ಚೀಲ ಬರಕೋರಿ. ಗುಂಪಿನವರನ್ನ ಕೇಳಿ ಅವರದೂ ತಿಳಸ್ತೀನಿ.